ಅಲ್ಲೇನೈತೆ ನೋಡಾಕೆ ಅನ್ನೋರಿಗೆ ಒಂದ್ ಮಾತು

ನಮ್ಮ ಕಡೆ ಮನೆಗಳಲ್ಲಿ ಒಂದು ಮಾತೈತೆ. ಯಾರಾದ್ರೂ ಎಲ್ಲಿಗಾದ್ರೂ ಹೊರಟ್ರೆ ಸಾಕು, ಮೊದ್ಲು ಕೇಳಾದು, “ಅಲ್ಲೇನೈತೆ ನೋಡಾಕೆ?” ದೇವಸ್ಥಾನ ಐತೆ ಅಂದ್ರೆ ಸರಿ. ಜಾತ್ರೆ ಐತೆ ಅಂದ್ರೆ ಇನ್ನೂ ಸರಿ. ಸೀರೆ ಅಂಗಡಿ ಐತೆ ಅಂದ್ರೆ ಕೇಳಿದೋರೇ ಚಪ್ಪಲಿ ಮೆಟ್ಕಂಡು ನಿಂತಿರ್ತಾರೆ. ಈ ಮೂರೂ ಇಲ್ಲ ಅಂದ್ರೆ ಮುಗೀತು. “ಬಿಸಿಲಲ್ಲಿ ಸಾಯಾಕೆ ಹೋಗ್ತಾರಂತೆ” ಅಂತ ಒಂದು ಸೊಟ್ಟ ಮಾತು, ಅದರ ಹಿಂದೆ ಒಂದು ನಗು.

ಈ ಶಿವರಾತ್ರಿಗೆ ಮುಂಚೆ ನಾವು ಆರು ಜನ ಹೆಂಗಸ್ರು, ಜೊತೆಗೆ ಮೂರು ಮಕ್ಕಳು, ಮಧುಗಿರಿಗೂ ಚನ್ನರಾಯನದುರ್ಗಕ್ಕೂ ನಡುವೆ ಇರೋ ಗುಡ್ಡಗಳ ಬುಡದಲ್ಲಿ ಒಂದು ದಿನ ಪೂರ್ತಿ ನಡ್ಕೊಂಡು ಬಂದ್ವಿ. ಬೆಟ್ಟ ಹತ್ತಲಿಲ್ಲ. ಕೋಟೆ ನೋಡಲಿಲ್ಲ. ಹಳೇ ಕಾಲದಲ್ಲಿ ಕಬ್ಬಿಣ ಕರಗಿಸಿದ ಜಾಗ ನೋಡ್ಕೊಂಡು ಬಂದ್ವಿ. ಅಷ್ಟಕ್ಕೇ ಒಂದು ತಿಂಗಳಿಂದ ಮದುವೆ ಮನೇಲಿ, ನಾಮಕರಣದಲ್ಲಿ, ನೀರಿನ ಟ್ಯಾಂಕ್ ಹತ್ರ ನಮ್ಮದೇ ಮಾತು. “ಕಿಟ್ಟ ನೋಡಾಕೆ ಹೋಗಿದ್ರಂತೆ ಕಣಮ್ಮ, ಕಿಟ್ಟ!” ಅಂತ. ನಗೋರು ನಗಲಿ. ಆದ್ರೆ ಆ ಕಿಟ್ಟ ಈಗ ಟ್ರ್ಯಾಕ್ಟರಲ್ಲಿ ಹೋಗ್ತಾ ಐತೆ, ಅದಕ್ಕೆ ಈ ಜಗಳ ತೆಗೀತಾ ಇದೀನಿ. ಚಿಕ್ಕಮ್ಮ, ಅತ್ತಿಗೆ, ಪಕ್ಕದ್ಮನೆ ಅಕ್ಕ, ಎಲ್ರೂ ಓದ್ರಿ. ಕೋಪ ಬಂದ್ರೆ ಮನೆಗೆ ಬಂದು ಬೈರಿ, ಕಾಫಿ ಕೊಡ್ತೀನಿ.

ಮೊದ್ಲು ಅಲ್ಲಿ ಏನೈತೆ ಅನ್ನಾದು ಹೇಳ್ತೀನಿ. ಊರ ಹೆಸರು ಮಾತ್ರ ಬರೆಯಲ್ಲ. ಬರೆದ್ರೆ ನಾಳೆ ಇನ್ನೂ ಎರಡು ಟ್ರ್ಯಾಕ್ಟರ್ ಹೋಗಿ ನಿಂತಾವು. ಬೇಕಾದೋರು ನನ್ನ ಕೇಳಿ, ಕರ್ಕೊಂಡು ಹೋಗ್ತೀನಿ.

ಬಸ್ಸಿಳಿದು ಹಳ್ಳದ ದಂಡೆ ಹಿಡಿದು ನಡೆದ್ರೆ ಒಂದು ಕಡೆ ಬಂಡೆ ಗುಡ್ಡ, ಇನ್ನೊಂದು ಕಡೆ ಕಡ್ಲೆಕಾಯಿ ಹೊಲ, ಹುಣಸೆ ಮರ. ಎಲ್ಲಿ ನೋಡಿದ್ರೂ ತಂಗಡಿ ಗಿಡ, ಹಳದಿ ಹೂವ. ಅರ್ಧ ಗಂಟೆ ನಡೆದ ಮ್ಯಾಲೆ ನೆಲದ ಬಣ್ಣ ಬದಲಾಗುತ್ತೆ. ಕೆಂಪು ಮಣ್ಣಿನ ನಡುವೆ ಕರಿ ಕರಿ ಗಟ್ಟಿ. ಕಲ್ಲು ಅಂದ್ಕೊಂಡು ಕೈಗೆ ತಗಂಡ್ರೆ ಕಲ್ಲಲ್ಲ. ಒಂದೊಂದು ಕಲ್ಲಿಗಿಂತ ಭಾರ, ಒಂದೊಂದು ತೂತು ತೂತಾಗಿ ಹಗುರ. ಕೆಲವು ಗಾಜಿನ ಥರ ಮಿರ ಮಿರ ಅಂತಾವೆ. ಕೆಲವುದರ ಮ್ಯಾಲೆ ಬೆಲ್ಲದ ಪಾಕ ಹರಿದು ಗಟ್ಟಿಯಾದ ಹಂಗೆ ಗೆರೆ. ಇದೇ ಕಬ್ಬಿಣದ ಕಿಟ್ಟ. ಅದಿರು ಕರಗಿಸುವಾಗ ಕಬ್ಬಿಣ ಬೇರೆಯಾಗಿ ಉಳಿದ ಹೊಲಸು ಹರಿದು ಆಚೆ ಬಂದು ತಣ್ಣಗಾದದ್ದು. ಅದರ ಜೊತೆಗೆ ಸುಟ್ಟ ಮಣ್ಣಿನ ಕೊಳವೆ ಚೂರು ಸಿಗ್ತಾವೆ, ಒಂದು ಮೂತಿ ಕರಗಿ ಕಿಟ್ಟ ಅಂಟಿರುತ್ತೆ. ತಿದಿಯಿಂದ ಗಾಳಿ ಒಲೆ ಒಳಗೆ ಹೋಗ್ತಿದ್ದ ಕೊಳವೆ ಅದು.

ಆ ಹೊಲದ ಅಜ್ಜಿ ಅದನ್ನ “ಕಿಟ್ಟದ ಹೊಲ” ಅಂತಾನೇ ಕರೀತಾರೆ. ಅವರ ಅತ್ತೆಯೂ ಹಂಗೇ ಕರೀತಿದ್ರಂತೆ. ಯಾಕೆ ಅಂತ ಯಾರೂ ಕೇಳಿಲ್ಲ, ಯಾರೂ ಹೇಳಿಲ್ಲ.

ಇನ್ನು ಇದು ಹೆಂಗೆ ಆಯ್ತು ಅನ್ನಾದು. ನೀವು ಮಳೆ ಬಂದ ಮಾರನೇ ದಿನ ಅಂಗಳ ಗುಡಿಸೋರು, ನಿಮಗೆ ಇದು ಗೊತ್ತಿರೋ ವಿಷಯವೇ. ನೀರು ಹರಿದ ಜಾಡಿನಲ್ಲಿ ಬಿಳಿ ಮರಳು ಒಂದು ಕಡೆ, ಕರೀ ಮರಳು ಇನ್ನೊಂದು ಕಡೆ ಗೆರೆ ಎಳೆದ ಹಂಗೆ ನಿಂತಿರುತ್ತಲ್ಲ? ಆ ಕರೀ ಮರಳೇ ಅದಿರು. ಬಂಡೆ ಸವೆದು ಮಳೆ ನೀರಲ್ಲಿ ಕೊಚ್ಕೊಂಡು ಬರುತ್ತೆ. ಭಾರ ಇರೋದ್ರಿಂದ ಬೇರೆ ನಿಲ್ಲುತ್ತೆ. ನಂಬಲ್ಲ ಅಂದ್ರೆ ಹಳೇ ಸ್ಪೀಕರಿನ ಅಯಸ್ಕಾಂತ ತಗಂಡು ಹಳ್ಳದ ಮರಳಲ್ಲಿ ಆಡಿಸ್ರಿ, ಮೀಸೆ ಬಂದ ಹಂಗೆ ಅಂಟ್ಕೊಳ್ಳುತ್ತೆ. ನಮ್ಮ ಜೊತೆ ಬಂದ ಮಕ್ಕಳು ಮೂರು ಗಂಟೆ ಇದೇ ಕೆಲಸ ಮಾಡಿದ್ವು. ಮೊಬೈಲ್ ಕೇಳಲಿಲ್ಲ. ಇದನ್ನ ಅವರ ಅಮ್ಮಂದಿರೇ ಸಾಕ್ಷಿ ಹೇಳ್ತಾರೆ.

ಆ ಮರಳನ್ನ ಅಕ್ಕಿ ಗಾಲಿಸಿದ ಹಂಗೆ ನೀರಲ್ಲಿ ಗಾಲಿಸಿ ಕರೀದು ಉಳಿಸ್ಕೊಳ್ಳಾದು. ಮಣ್ಣಿನ ಒಲೆ ಕಟ್ಟಿ, ಇದ್ದಿಲು ಒಂದು ಸುತ್ತು, ಮರಳು ಒಂದು ಸುತ್ತು ಹಾಕಾದು. ಚರ್ಮದ ತಿದಿ ಒತ್ತಿ ಒತ್ತಿ ಬೆಂಕಿ ಏರಿಸಾದು. ಕೊನೆಗೆ ಒಲೆ ಒಡೆದು ಕೆಂಪಗಿರೋ ಗಟ್ಟಿ ಎಳೆದು ಸುತ್ತಿಗೇಲಿ ಬಡಿಯಾದು. ಇಷ್ಟು ಆದ್ರೆ ಕಬ್ಬಿಣ. ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರೆ ಉಕ್ಕು.

ಇದನ್ನ ನಾನು ಕಟ್ಟಿ ಹೇಳ್ತಾ ಇಲ್ಲ. ಟಿಪ್ಪು ಸತ್ತ ಮರು ವರ್ಷ, 1800ರಲ್ಲಿ, ಕಂಪನಿ ಸರ್ಕಾರದೋರು ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರನ್ನ ಮೈಸೂರು ಸೀಮೆಯೆಲ್ಲ ಸುತ್ತಿ ಬರೆದು ತರಾಕೆ ಕಳಿಸಿದ್ರು. ಗೆದ್ದ ಸೀಮೇಲಿ ಏನೇನು ಬೆಳೆಯುತ್ತೆ, ಏನೇನು ತಯಾರಾಗುತ್ತೆ ಅಂತ ಲೆಕ್ಕ ಬೇಕಿತ್ತು ಅವರಿಗೆ. ಅವನು ಕೋಲಾರದ ಕಡೆಯಿಂದ ಮಧುಗಿರಿ ದಾರಿಯಾಗಿ ನಮ್ಮ ಶಿರಾಕ್ಕೆ ಬಂದ. 1807ರಲ್ಲಿ ಲಂಡನ್ನಲ್ಲಿ ಮೂರು ಸಂಪುಟ ಅಚ್ಚಾಯ್ತು. ಈ ಕಡೆ ಒಲೆಗಳು, ಮಳೆ ಹಳ್ಳ ತರೋ ಕರೀ ಮರಳು, ಕೆಲಸದೋರು ಹಣ ಹಂಚ್ಕೊಳ್ಳೋ ಲೆಕ್ಕ, ಎಲ್ಲಾ ಅದರಲ್ಲಿ ಬರೆದವನೆ.

ಉಕ್ಕು ಮಾಡಾದು ಹೆಂಗೆ ಅಂತಾನೂ ಬರೆದವನೆ, ಅದನ್ನ ಓದಿದ್ರೆ ನಮ್ಮ ಅಡಿಗೆ ಮನೆ ಕೆಲಸವೇ ಅನ್ಸುತ್ತೆ. ಹಸಿ ಮಣ್ಣಿನ ಚಿಕ್ಕ ಮೂಸೆ. ಅದರೊಳಗೆ ಒಂದು ತುಂಡು ಕಬ್ಬಿಣ, ತೂಕ ಹಾಕಿದ ತಂಗಡಿ ಕಡ್ಡಿ, ಅಗಲ ಎಲೆಯ ಒಂದು ಬಳ್ಳಿಯಿಂದ ಎರಡು ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ, ಇಂಥಾ ಮೂಸೆಗಳನ್ನ ಒಟ್ಟಿಗೆ ಜೋಡಿಸಿ, ಇದ್ದಿಲು ಮುಚ್ಚಿ, ಗಂಟೆಗಟ್ಟಲೆ ತಿದಿ ಒತ್ತಾದು. ಕಡುಬಿನ ಪಾತ್ರೆಗೆ ಹಿಟ್ಟು ಮೆತ್ತಿ ಹಬೆ ಹೋಗದ ಹಂಗೆ ಮುಚ್ಚಲ್ವಾ ನಾವು, ಅದೇ ಉಪಾಯ. ಕಡ್ಡಿ, ಎಲೆ ಸುಟ್ಟು ಇದ್ದಿಲಾಗಿ, ಆ ಇದ್ದಿಲಿನ ಇಂಗಾಲ ಕಬ್ಬಿಣದೊಳಗೆ ಸೇರುತ್ತೆ. ಅದಕ್ಕೇ ಅದು ಗಡಸಾಗುತ್ತೆ. ತಣ್ಣಗಾದ ಮ್ಯಾಲೆ ಮೂಸೆ ಒಡೆದ್ರೆ ಒಳಗೆ ಉಕ್ಕಿನ ಗಟ್ಟಿ.

ಯಾವ ತಂಗಡಿ? ನಮ್ಮ ಬೇಲೀಲಿ ಇರೋ ತಂಗಡೀನೇ. ನಾವು ಕಸ ಅಂತ ಕಡಿದು ಹಾಕೋ ಗಿಡ.

ಅದಾಗಿ ಸುಮಾರು ನೂರು ವರ್ಷದ ಮ್ಯಾಲೆ, 1897ರಲ್ಲಿ ಲೂಯಿಸ್ ರೈಸ್ ಬರೆದ ಮೈಸೂರು ಗೆಜೆಟಿಯರಲ್ಲೂ ಉಕ್ಕು ಮಾಡೋ ತಾಲ್ಲೂಕುಗಳಲ್ಲಿ ಮಧುಗಿರಿ, ಕೊರಟಗೆರೆ ಹೆಸರು ಬರುತ್ತೆ. ದಕ್ಷಿಣ ದೇಶದ ಉಕ್ಕು ಕತ್ತಿ ಮಾಡಾಕೆ ಅರಬ್ಬರ ಕಡೆ, ಪರ್ಷಿಯಾ ಕಡೆ ಹೋಗ್ತಿತ್ತು. ಇಂಗ್ಲಿಷಿನೋರು ಅದಕ್ಕೆ “ವೂಟ್ಜ್” ಅಂತ ಹೆಸರಿಟ್ರು. ನಮ್ಮ “ಉಕ್ಕು” ಅನ್ನೋ ಮಾತೇ ಅವರ ಬಾಯಲ್ಲಿ ಹಂಗಾಯ್ತು ಅಂತ ವಿದ್ವಾಂಸರು ಹೇಳ್ತಾರೆ. ಕರೆಂಟಿನ ಗುಟ್ಟು ಕಂಡುಹಿಡಿದ ಮೈಕೆಲ್ ಫ್ಯಾರಡೆ ಇದಾನಲ್ಲ, ಮಕ್ಕಳ ವಿಜ್ಞಾನದ ಪುಸ್ತಕದಲ್ಲಿ ಚಿತ್ರ ಇರುತ್ತೆ, ಅವನು ಆ ಕೆಲಸಕ್ಕೆ ಕೈ ಹಾಕೋಕೆ ಮುಂಚೆ ಈ ಉಕ್ಕಿನ ಗುಟ್ಟು ಬಿಡಿಸಾಕೆ ವರ್ಷಗಟ್ಟಲೆ ಒದ್ದಾಡಿದ. ಅವನೂ ಕಮ್ಮಾರನ ಮಗನೇ. ನಮ್ಮ ಮಕ್ಕಳು ಫ್ಯಾರಡೆ ಹೆಸರು ಬಾಯಿಪಾಠ ಮಾಡ್ತಾವೆ. ಫ್ಯಾರಡೆ ಯಾವ ಉಕ್ಕಿಗೆ ತಲೆ ಕೆಡಿಸ್ಕೊಂಡನೋ ಅಂಥಾ ಉಕ್ಕು ನಮ್ಮ ತಾಲ್ಲೂಕಲ್ಲೂ ಬೇಯ್ತಿತ್ತು ಅನ್ನಾದು ಅವಕ್ಕೆ ಗೊತ್ತಿಲ್ಲ. ಯಾಕೆ ಗೊತ್ತಿಲ್ಲ? “ಅಲ್ಲೇನೈತೆ ನೋಡಾಕೆ” ಅಂತ ನಾವೇ ಹೇಳಿ ಕೂರಿಸಿದೀವಿ ಅದಕ್ಕೆ.

ಈಗ ನನ್ನ ಜಗಳಕ್ಕೆ ಬತ್ತೀನಿ.

ಮಧುಗಿರಿ ಬೆಟ್ಟಕ್ಕೆ ಶನಿವಾರ ಭಾನುವಾರ ಬಂದ್ರೆ ಬೆಂಗಳೂರಿನ ಹುಡುಗ್ರು ಸಾಲು ಸಾಲು. ಚನ್ನರಾಯನದುರ್ಗಕ್ಕೂ ಬತ್ತಾರೆ. ಬರಲಿ, ಸಂತೋಷ. ಎಲ್ರೂ ತಲೆ ಎತ್ತಿ ಕೋಟೆ ನೋಡ್ತಾರೆ. ಯಾವ ಪಾಳೇಗಾರ ಕಟ್ಟಿದ, ಮೈಸೂರೋರು ಯಾವಾಗ ತಗಂಡ್ರು, ಮರಾಠರು ಯಾವಾಗ ಬಂದ್ರು, ಹೈದರ್ ಏನು ಮಾಡಿದ, ಇದೇ ಕಥೆ. ಶಾಲೆ ಮಕ್ಕಳನ್ನ ಕರ್ಕೊಂಡು ಹೋದಾಗ್ಲೂ ಇದೇ ಕಥೆ. ಕೋಟೆಗೆ ಬೋರ್ಡ್ ಐತೆ, ಬೇಲಿ ಐತೆ, ಕಲ್ಲು ಕಿತ್ರೆ ಕೇಸು. ಒಳ್ಳೇದೇ.

ನಾನು ಕೇಳಾದು ಇಷ್ಟೇ. ಆ ಬಂಡೆ ಮ್ಯಾಲೆ ಮೆಟ್ಟಿಲು ಕಡಿದ ಉಳಿ ಎಲ್ಲಿಂದ ಬಂತು? ನಮ್ಮ ಕಡೆ ಬಂಡೆ ಅಂದ್ರೆ ಕರಿಗಲ್ಲು. ಬರೀ ಮೆತ್ತನೆ ಕಬ್ಬಿಣದಲ್ಲಿ ಹೊಡೆದ್ರೆ ಉಳಿಯೇ ಬಾಗುತ್ತೆ, ಕಲ್ಲು ನಗುತ್ತೆ. ಉಳಿಯ ಮೂತಿಗೆ ಉಕ್ಕು ಬೇಕು. ಆ ಉಕ್ಕು ಬೇಯಿಸಿದೋರು ಗುಡ್ಡದ ಬುಡದಲ್ಲಿದ್ರು. ಅವರಿಲ್ದೆ ಮೆಟ್ಟಿಲಿಲ್ಲ, ಬಾಗಿಲಿಲ್ಲ, ಅಗುಳಿಯಿಲ್ಲ, ನೇಗಿಲ ಗುಳವೂ ಇಲ್ಲ, ನಮ್ಮ ಮನೆ ಈಳಿಗೆ ಮಣೆಯೂ ಇಲ್ಲ. ಕೋಟೆ ಆಳಿದೋರಿಗೆ ಬೋರ್ಡು, ಕೋಟೆಗೆ ಉಳಿ ಕೊಟ್ಟೋರ ಜಾಗಕ್ಕೆ ಟ್ರ್ಯಾಕ್ಟರು. ಇದು ಯಾವ ಸೀಮೆ ನ್ಯಾಯ?

ನಾವು ಹೋದ ದಿನ ಆ ಹೊಲದಲ್ಲಿ ಒಂದು ಗುಡ್ಡೆ ಅರ್ಧ ಇರಲಿಲ್ಲ. ಅಜ್ಜಿ ಹೇಳಿದ್ರು, “ಮನೆ ತಳಪಾಯಕ್ಕೆ ತುಂಬ್ತಾರಂತೆ, ಗಟ್ಟಿ ಅಲ್ವಾ, ಎರಡು ಲೋಡು ಹೋಯ್ತು. ನಂಗೂ ಹೊಲ ಸಾಫಾಯ್ತು.” ಅಜ್ಜೀನ ನಾನು ಬೈಯಲ್ಲ. ನೇಗಿಲಿಗೆ ಸಿಕ್ಕಿ ಸಿಕ್ಕಿ ಅವರಿಗೆ ಸಾಕಾಗೈತೆ. ಅದು ಏನು ಅಂತ ಯಾರೂ ಅವರಿಗೆ ಹೇಳೇ ಇಲ್ಲ. ಮಾಸ್ತರು ಹೇಳಿಲ್ಲ, ಪಂಚಾಯ್ತಿಯೋರು ಹೇಳಿಲ್ಲ, ಬೆಟ್ಟಕ್ಕೆ ಬಂದು ಫೋಟೋ ಹೊಡ್ಕೊಂಡು ಹೋಗೋರು ಆ ಕಡೆ ತಿರುಗೂ ನೋಡಿಲ್ಲ. ನಾವು ಹೇಳಿದ ಮ್ಯಾಲೆ ಅಜ್ಜಿ ಒಂದು ಗಟ್ಟಿ ಎತ್ತಿ ತಿರುಗಿಸಿ ನೋಡಿ, “ಹಂಗಾರೆ ಇದು ಯಾರದೋ ಒಲೆ ಬೂದಿ” ಅಂದ್ರು. ಅದಕ್ಕಿಂತ ಸರಿಯಾಗಿ ನನಗೂ ಹೇಳಾಕೆ ಬರಲ್ಲ.

ಈಗ ನೀವು ಹೇಳೋ ಮಾತುಗಳನ್ನ ಒಂದೊಂದಾಗಿ ತಗಂತೀನಿ.

ಒಂದು, “ಕಲ್ಲು ಮಣ್ಣಿಗೆ ಇಷ್ಟು ಮಾತು ಯಾಕೆ?” ಅಂತೀರಿ. ಅಕ್ಕಯ್ಯ, 2018ರಲ್ಲಿ ಕೆಜಿಎಫ್ ಸಿನಿಮಾ ಬಂದಾಗ ಮನೆಮಂದಿಯೆಲ್ಲ ಹೋಗಿ ನೋಡಿ ಬಂದ್ರಿ. ಆಮ್ಯಾಕೆ ನಿಮ್ಮ ಮಗ ಕಾರು ಮಾಡ್ಕೊಂಡು ಕೋಲಾರಕ್ಕೇ ಹೋಗಿ ಆ ಮಣ್ಣಿನ ಗುಡ್ಡೆ ಮುಂದೆ ನಿಂತು ಫೋಟೋ ತೆಗೆಸ್ಕೊಂಡ. ಆ ಗುಡ್ಡೆ ಏನು? ಅದೂ ಚಿನ್ನ ತೆಗೆದು ಬಿಸಾಕಿದ ಹುಡಿಯೇ. ಮೂರು ಕಿಲೋಮೀಟರ್‌ಗೂ ಆಳಕ್ಕೆ ಜನ ಇಳಿದ್ರು, ಅವರ ಯಂತ್ರಕ್ಕೆ 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ತಂದ್ರು, 2001ರ ಫೆಬ್ರವರಿ 28ಕ್ಕೆ ಗಣಿ ಬಾಗಿಲು ಹಾಕಿದ್ರು. ಅಲ್ಲಿ ಹಾಳು ಬಿದ್ದಿದ್ದು ಇತಿಹಾಸ, ಇಲ್ಲಿ ಹಾಳು ಬಿದ್ದಿದ್ದು ಕಸ ಅಂತಂದ್ರೆ, ಚಿನ್ನಕ್ಕೊಂದು ನ್ಯಾಯ ಕಬ್ಬಿಣಕ್ಕೊಂದು ನ್ಯಾಯ ಆಯ್ತು. ಚಿನ್ನ ಇಲ್ದೆ ಬದುಕಬಹುದು. ಕುಡುಗೋಲು ಇಲ್ದೆ ರಾಗಿ ಕೊಯ್ಯಿರಿ ನೋಡವಾ.

ಎರಡು, “ಅದೇನು ಸುಖದ ಕೆಲಸ ಆಗಿತ್ತಾ, ಹೊಗೆ, ಬೆವರು, ಕಾಡು ಕಡಿಯಾದು” ಅಂತ ನಮ್ಮ ಚಿಕ್ಕಪ್ಪನ ಮಗಳು ಅಂದ್ಲು. ಅವಳು ಓದಿದೋಳು, ಅವಳ ಮಾತಲ್ಲಿ ಹುರುಳೈತೆ. ಒಂದು ಗಟ್ಟಿ ಕಬ್ಬಿಣಕ್ಕೆ ಅದರ ಎಷ್ಟೋ ಪಾಲು ಇದ್ದಿಲು ಬೇಕು. ಇದ್ದಿಲಿಗೆ ಮರ ಬೇಕು. ನಮ್ಮ ಗುಡ್ಡಗಳು ಬೋಳಾಗಿದ್ರಲ್ಲಿ ಆ ಒಲೆಗಳ ಪಾಲೂ ಐತೆ. ಒತ್ತಿದೋರ ಎದೆಗೂಡು ಎಷ್ಟು ಸುಟ್ಟಿತೋ, ಮೈ ಮುಟ್ಟಾಕೂ ಹಿಂದೆ ಮುಂದೆ ನೋಡ್ತಿದ್ದ ಊರು ಅವರ ಕತ್ತಿ ಗುದ್ದಲಿ ಮಾತ್ರ ನಾಚಿಕೆಯಿಲ್ದೆ ತಗಂತು. ಇದೆಲ್ಲ ನಿಜ. ಅದಕ್ಕೇ ನೋಡಬೇಕು ಅಂತೀನಿ. ನಾನು ಅದನ್ನ ಪೂಜೆ ಮಾಡಿ ಅಂದ್ನಾ? ಅರಿಶಿನ ಕುಂಕುಮ ಹಚ್ಚಿ ಅಂದ್ನಾ? ಕಷ್ಟದ ಕೆಲಸದ ಗುರುತು ಇದ್ರೆ ಕಷ್ಟ ಪಟ್ಟೋರ ಮಾತೂ ಇರುತ್ತೆ. ಗುರುತು ಅಳಿಸಿದ್ರೆ ಉಳಿಯಾದು ಕೋಟೆ ಕಥೆ ಒಂದೇ.

ಮೂರು, “ಕಾಲ ಹೋಯ್ತು, ಹೋಗಿದ್ದು ಹೋಯ್ತು” ಅನ್ನೋ ಮಾತು. ಕಾಲ ತಾನಾಗಿ ಹೋಗಲ್ಲ, ಯಾರೋ ನೂಕಿದ್ರೆ ಹೋಗುತ್ತೆ. ಹಡಗಿನಲ್ಲಿ ಸೀಮೆ ಕಬ್ಬಿಣ ಅಗ್ಗವಾಗಿ ಬಂತು. ರೈಲು ಅದನ್ನ ಸಂತೆ ಸಂತೆಗೂ ಮುಟ್ಟಿಸ್ತು. ಕಾಡಿಗೆ ಸರ್ಕಾರದ ಕಾಯ್ದೆ ಬಂದು ಇದ್ದಿಲು ದುಬಾರಿ ಆಯ್ತು. ಒಲೆ ಆರಿದ್ದು ಹಂಗೆ. ಆಮೇಲೆ ಮೈಸೂರು ಸರ್ಕಾರವೇ 1918ರಲ್ಲಿ ಭದ್ರಾವತೀಲಿ ಕಾರ್ಖಾನೆಗೆ ಕೈ ಹಾಕ್ತು, 1923ರಲ್ಲಿ ಒಲೆ ಹೊತ್ತಿತು. ಅದೂ ಶುರುವಾಗಿದ್ದು ಇದ್ದಿಲಿನಲ್ಲೇ. ವಿಶ್ವೇಶ್ವರಯ್ಯನೋರ ಹೆಸರಿಟ್ಟ ಆ ಕಾರ್ಖಾನೇನೂ ಮುಚ್ತೀವಿ ಅಂತ 2023ರಲ್ಲಿ ಹೇಳಿದ್ರು, ಕೆಲಸದೋರು ಬೀದಿಗೆ ಬಂದು ಕೂಗಿದ್ರು. ಅಂದ್ರೆ ಗುಡ್ಡದ ಬುಡದ ಒಲೆಯೂ ಅಷ್ಟೇ, ನೂರು ವರ್ಷದ ಕಾರ್ಖಾನೆಯೂ ಅಷ್ಟೇ. ಮುಚ್ಚೋರು ಬೇರೆ ಕಡೆ ಕೂತಿರ್ತಾರೆ, ಕೆಲಸ ಕಳ್ಕೊಳ್ಳೋರು ಇಲ್ಲಿರ್ತಾರೆ.

ಇದು ಹಳೇ ಕಥೆ ಅಂದ್ಕೋಬೇಡಿ. ನಮ್ಮ ಪಾವಗಡದ ಕಡೆ ತಿರುಗಿ ನೋಡ್ರಿ. ತಿರುಮಣಿ ಸುತ್ತ ಐದು ಊರಿನ ಸುಮಾರು 13,000 ಎಕರೆ ನೆಲದ ಮ್ಯಾಲೆ ಸೋಲಾರ್ ಹಲಗೆ ಹಾಸವ್ರೆ. 2018ರಲ್ಲಿ ಶುರುವಾಯ್ತು, 2,050 ಮೆಗಾವ್ಯಾಟ್. ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟವ್ರೆ, 28 ವರ್ಷಕ್ಕೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರು. ಜಮೀನಿದ್ದೋರಿಗೆ ಬಾಡಿಗೆ ಬರುತ್ತೆ. ಜಮೀನಿಲ್ದೆ ಬೇರೆಯೋರ ಹೊಲದಲ್ಲಿ ಕಳೆ ಕೀಳ್ತಿದ್ದ ಹೆಂಗಸ್ರಿಗೆ ಬಾಡಿಗೆ ಬರಲ್ಲ. 28 ವರ್ಷ ಆದ ಮ್ಯಾಲೆ ಹಲಗೆ ಹಳೇದಾಗುತ್ತೆ. ಅವತ್ತು ಆ ನೆಲದಲ್ಲಿ ಕಾಂಕ್ರೀಟು ಗುಂಡಿ, ಕಂಬ, ತಂತಿ ಉಳಿದಿರ್ತಾವೋ, ಸಾಫಾಗಿ ಹೊಲ ಆಗಿರುತ್ತೋ, ಈಗ್ಲೇ ಕೇಳಬೇಕಾದೋರು ನಾವು. ಇವತ್ತು ಕಿಟ್ಟದ ಮುಂದೆ ನಿಂತು ಕೇಳಾಕೆ ಕಲಿತ ಮಗು ನಾಳೆ ಸೋಲಾರ್ ಬೇಲಿ ಮುಂದೆ ನಿಂತೂ ಕೇಳುತ್ತೆ. ಇಲ್ಲಿ ಯಾರು ಕೆಲಸ ಮಾಡಿದ್ರು, ಅವರಿಗೇನು ಸಿಕ್ತು, ಹೋಗುವಾಗ ಏನು ಬಿಟ್ಟು ಹೋದ್ರು? ಈ ಮೂರು ಪ್ರಶ್ನೆ ಬಂದ್ರೆ ಸಾಕು ನನಗೆ.

ನಾಲ್ಕು, ಇದು ನಿಜವಾದ ಮಾತು, ಬಾಯಿಬಿಟ್ಟು ಹೇಳದೇ ಇದ್ರೂ ಎಲ್ರ ಮನಸಲ್ಲಿ ಇರಾದು. “ಹೆಣ್ಮಕ್ಕಳು ಗಂಡಸ್ರಿಲ್ದೆ, ದೇವ್ರ ಕೆಲಸವೂ ಅಲ್ದೆ, ಗುಡ್ಡ ಸುತ್ತಾದಾ?” ಅಲ್ರೀ, ಹರಕೆ ಹೊತ್ರೆ ಬರಿಗಾಲಲ್ಲಿ ಇಪ್ಪತ್ತು ಮೂವತ್ತು ಕಿಲೋಮೀಟರ್ ನಡೀತೀವಿ. ಅವಾಗ ಯಾರಿಗೂ ಬಿಸಿಲು ಕಾಣಲ್ಲ. ಕೆರೆ ಬತ್ತಿದಾಗ ಬಿಂದಿಗೆ ಹೊತ್ತು ಎಷ್ಟು ದೂರ ಹೋದ್ವಿ, ಯಾರು ಅಡ್ಡ ಬಂದ್ರು? ಕಡ್ಲೆಕಾಯಿ ಕೀಳೋ ಕಾಲದಲ್ಲಿ ಬೆಳಿಗ್ಗೆ ಆರಕ್ಕೆ ಹೋಗಿ ಸಂಜೆ ಆರಕ್ಕೆ ಬಂದ್ರೆ ಅದು ಮರ್ಯಾದೆ. ಕೆಲಸಕ್ಕೆ ನಡೆದ್ರೆ ಸರಿ, ದೇವರಿಗೆ ನಡೆದ್ರೆ ಸರಿ, ತಿಳ್ಕೊಳ್ಳಾಕೆ ನಡೆದ್ರೆ ಮಾತ್ರ ಕಾಲು ನೋವು, ಮಾನ ಹೋಗಾದು! ಗಂಡಸ್ರು ಬೈಕ್ ಹತ್ತಿ ಜೋಗಕ್ಕೆ ಹೋದ್ರೆ ಟೂರು, ನಾವು ಹನ್ನೆರಡು ಕಿಲೋಮೀಟರ್ ನಡೆದ್ರೆ ತಿರುಗಾಟ. ಈ ತಕ್ಕಡಿ ಸರಿ ಇಲ್ಲ ಕಣ್ರೀ. ಇದನ್ನ ಹಿಡಿದಿರೋದು ಬರೀ ಗಂಡಸ್ರಲ್ಲ, ನಮ್ಮ ಹೆಂಗಸ್ರ ಕೈಯೂ ಅದರ ಮ್ಯಾಲೈತೆ. ಆ ಕೈ ತೆಗೀರಿ.

ಇನ್ನೊಂದು. ಬುಕಾನನ್ ಕಂಪನಿಗೆ ಲಾಭದ ಲೆಕ್ಕ ಕೊಡಾಕೆ ಬಂದೋನು. ಹೊರಗಿನೋನು, ನಮ್ಮ ಭಾಷೆ ಬರದೋನು. ಅವನು ಒಲೆ ಮುಂದೆ ನಿಂತು ಎಷ್ಟು ಎಲೆ, ಎಷ್ಟು ಕಡ್ಡಿ ಅಂತ ಕೇಳಿ ಬರ್ಕೊಂಡ. ಇನ್ನೂರು ವರ್ಷ ಆಯ್ತು. ಅವನು ಬರೆದ ಆ ಒಂದೆರಡು ಪುಟ ಬಿಟ್ರೆ ನಮ್ಮ ಮನೆ ಮಾತಲ್ಲಿ ಅದರ ನೆನಪು ಎಷ್ಟು ಉಳಿದೈತೆ? ಒಂದು ಹೊಲದ ಹೆಸರು. ಅಷ್ಟೇ. ಪಲ್ಯಕ್ಕೆ ಎಷ್ಟು ಉಪ್ಪು ಅನ್ನಾದು ನಾಲ್ಕು ತಲೆಮಾರು ಬಾಯಿಂದ ಬಾಯಿಗೆ ಉಳಿಸ್ಕೊಂಡ ನಮಗೆ ಇದನ್ನ ಉಳಿಸ್ಕೊಳ್ಳಾಕೆ ಕಷ್ಟ ಇರಲಿಲ್ಲ. ಇದು ನಮ್ಮದು ಅಂತ ಅನ್ಸಿದ್ರೆ ಉಳೀತಿತ್ತು.

ಹಂಗಾದ್ರೆ ಏನು ಮಾಡಾದು ಅಂತೀರಾ? ದೊಡ್ಡ ಹೋರಾಟ ಬೇಡ, ಮೈಕು ಬೇಡ. ನಮ್ಮ ಕೈಲಿ ಆಗೋ ನಾಲ್ಕು ಕೆಲಸ ಹೇಳ್ತೀನಿ.

ನಿಮ್ಮ ತವರಲ್ಲಿ, ಗಂಡನ ಮನೆ ಊರಲ್ಲಿ ಹೊಲಗಳಿಗೆ ಏನೇನು ಹೆಸರೈತೆ ಅಂತ ಮುದುಕರನ್ನ ಕೇಳಿ ಒಂದು ನೋಟ್‌ಬುಕ್ಕಲ್ಲಿ ಬರೀರಿ. ಕಿಟ್ಟ, ಇದ್ದಿಲು, ಕಮ್ಮಾರ, ಸುಣ್ಣದ ಗೂಡು, ಉಪ್ಪಿನ ಮೋಳೆ, ಇಂಥಾ ಮಾತು ಹೊಲದ ಹೆಸರಲ್ಲಿ ಬಂದ್ರೆ ಅಲ್ಲಿ ಏನೋ ತಯಾರಾಗ್ತಿತ್ತು ಅಂತ ಅರ್ಥ.

ಕಿಟ್ಟದ ಗುಡ್ಡೆ ಕಂಡ್ರೆ ಚೀಲ ತುಂಬ್ಕೊಂಡು ಬರಬೇಡಿ. ಒಂದು ಫೋಟೋ ಸಾಕು. ಗುಡ್ಡೆ ಇದ್ದಲ್ಲೇ ಇದ್ರೆ ಅದಕ್ಕೆ ಬೆಲೆ. ಒಲೆ ಎಲ್ಲಿತ್ತು, ಬೂದಿ ಎಲ್ಲಿ ಸುರೀತಿದ್ರು ಅಂತ ಗೊತ್ತಾಗಾದು ಹಂಗೆ. ಷೋಕೇಸಲ್ಲಿ ಇಟ್ರೆ ಅದು ಬರೀ ಕರೀ ಗಟ್ಟಿ.

ತಳಪಾಯಕ್ಕೆ, ದಾರಿಗೆ ಮಣ್ಣು ಬೇಕು ಅಂತ ಯಾರಾದ್ರೂ ಟ್ರ್ಯಾಕ್ಟರ್ ತಂದ್ರೆ, “ಆ ಮೂಲೆ ಒಂದು ಬಿಟ್ಟು ತಗಳ್ರಿ” ಅನ್ರಿ. ನಮ್ಮ ಮನೆ ಗಂಡಸ್ರು ಪಂಚಾಯ್ತಿ ಮೆಂಬರ್ರು ಅವ್ರೆ, ಹೆಂಗಸ್ರೂ ಮೆಂಬರ್ರು ಅವ್ರೆ. ಒಂದು ಮಾತು ಹಾಕ್ರಿ. ಹೊಲದೋರಿಗೆ ನಷ್ಟ ಆಗದ ಹಂಗೆ ಬದುವಿನ ಹತ್ರ ಒಂದು ಗುಡ್ಡೆ ಬಿಟ್ರೂ ಸಾಕು, ಒಂದು ಸಣ್ಣ ಬೋರ್ಡ್ ಹಾಕಿದ್ರೂ ಸಾಕು.

ಕೊನೇದು, ನಡೀರಿ. ದೀಪಾವಳಿ ಕಳೆದ ಮ್ಯಾಲೆ ಶಿವರಾತ್ರಿವರೆಗೂ ನಮ್ಮ ಕಡೆ ನಡಿಯಾಕೆ ಒಳ್ಳೇ ಕಾಲ. ಆಮ್ಯಾಕೆ ಬಂಡೆ ಕಾಯುತ್ತೆ. ಬೆಳಿಗ್ಗೆ ಆರೂವರೆಗೆ ಹೊರಟು ಹನ್ನೊಂದರೊಳಗೆ ಅರ್ಧ ದಾರಿ ಮುಗಿಸಿ ಮರದ ನೆರಳು ಹಿಡೀಬೇಕು. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ ಕೆಡಲ್ಲ. ಚಿತ್ರಾನ್ನ ಮಾಡಿದ್ರೆ ಮಧ್ಯಾಹ್ನದೊಳಗೆ ಉಣ್ಣಬೇಕು. ಚಪ್ಪಲಿ ಬೇಡ, ಮುಚ್ಚಿದ ಬೂಟು ಹಾಕ್ಕೊಳ್ರಿ, ಕಿಟ್ಟ ಗಾಜಿನ ಹಂಗೆ ಕುಯ್ಯುತ್ತೆ. ಕೈಯಲ್ಲಿ ಕೋಲಿರಲಿ, ಪೊದೆಗೆ ಕೈ ಹಾಕೋ ಮುಂಚೆ ಬಡೀರಿ. ಗುಡ್ಡದಲ್ಲಿ ಕರಡಿ ಓಡಾಡ್ತಾವೆ, ಕತ್ತಲಾಗೋ ಮುಂಚೆ ರಸ್ತೆಗೆ ಬಂದುಬಿಡಬೇಕು. ಹೊಲ ದಾಟುವಾಗ ಹೊಲದೋರನ್ನ ಕೇಳಿ ದಾಟಬೇಕು. ಒಂದು ಅಯಸ್ಕಾಂತ ಮರೀಬೇಡಿ.

ಹಾಲು ಒಲೆ ಮ್ಯಾಲಿಟ್ರೆ ಉಕ್ಕುತ್ತೆ ಅಂತೀವಿ. ಗಟ್ಟಿ ಕಬ್ಬಿಣಕ್ಕೂ ಉಕ್ಕು ಅಂತೀವಿ. ಒಂದೇ ಅಕ್ಷರ, ಎರಡೂ ಒಲೆ ಮ್ಯಾಲಿನ ಮಾತೇ. ಒಂದು ಒಲೆ ನಮ್ಮ ಮನೇಲಿ ಇನ್ನೂ ಉರೀತಾ ಐತೆ. ಇನ್ನೊಂದು ಆರಿ ಹೋಗೈತೆ. ಆರಿದ ಒಲೆ ಬೂದೀನೂ ಬಾಚಿ ತಳಪಾಯಕ್ಕೆ ತುಂಬಿ, ಅದರ ಮ್ಯಾಲೆ ಟೈಲ್ಸ್ ಹಾಕ್ಸಿ, “ಅಲ್ಲೇನೈತೆ ನೋಡಾಕೆ” ಅಂತ ಕೇಳೋರಿಗೆ ನನ್ನ ಉತ್ತರ ಒಂದೇ. ಅಲ್ಲಿ ಇದ್ದಿದ್ದನ್ನ ನೀವೇ ತುಳ್ಕೊಂಡು ನಿಂತಿದೀರಿ, ಕಾಲು ಎತ್ತಿ ನೋಡ್ರಿ.

ಮುಂದಿನ ಕಾರ್ತೀಕದಲ್ಲಿ ಇನ್ನೊಂದು ಸಲ ಹೊರಡ್ತೀವಿ. ಬುತ್ತಿ ಅವರವರದು. ಬರೋರು ಮೊದ್ಲೇ ಹೇಳಿ, ಹನ್ನೆರಡು ಜನ ಆದ್ರೆ ಒಂದು ಟೆಂಪೋ ಮಾತಾಡ್ತೀನಿ.